ಐದು ಸ್ಪೀಕರ್, ಒಂದು ಕೆಮ್ಮು

ಅವತ್ತು ನಾವಿಬ್ಬರೂ ಸಂಪಗಾಂವದಿಂದ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಹೊರಟಾಗ ನನ್ನ ಚಿಂತೆಯೆಲ್ಲ ಎಮ್ಮೆಯದು. ಸಂಜೆ ಹೊತ್ತಿಗೆ ನಾನಿಲ್ಲದಿದ್ದರೆ ಅದು ಬೇರೆಯವರ ಕೈಗೆ ಹಾಲು ಕೊಡುತ್ತಿರಲಿಲ್ಲ. ಯಜಮಾನರ ಚಿಂತೆ ಸ್ಪೀಕರಿನದು. ಡಿವಿಡಿ ಪ್ಲೇಯರು ಬಂದು ವರ್ಷವಾಗಿತ್ತು. ಅದಕ್ಕೆ ಹೋಮ್ ಥಿಯೇಟರ್ ಜೋಡಿಸಬೇಕು, ಟಿವಿಯ ಬಳಿ ಮೂರು, ನಮ್ಮ ಬೆನ್ನ ಹಿಂದೆ ಎರಡು ಸ್ಪೀಕರ್ ಇಡಬೇಕು ಎಂದು ಗೋಡೆಗೆ ಸೀಮೆಸುಣ್ಣದಿಂದ ಗುರುತು ಹಾಕಿದ್ದರು. ಹಿಟ್ಟಿನ ಗಿರಣಿಯ ಸದ್ದಿನಲ್ಲಿ ಇಪ್ಪತ್ತು ವರ್ಷ ನಿಂತು ಅವರ ಎಡಗಿವಿ ಮಂದವಾಗಿತ್ತು. ಅದು ನನಗೆ ಮಾತ್ರ ಗೊತ್ತು. ನನ್ನನ್ನು ಕರೆದೊಯ್ದದ್ದೂ ಅದಕ್ಕೇ.

ನಮ್ಮ ಕಡೆ ಸ್ಪೀಕರ್ ಕೊಳ್ಳಲು ಹೋಗುವವರು ಮನೆಯಿಂದಲೇ ಕ್ಯಾಸೆಟ್ ಒಯ್ಯುತ್ತಿದ್ದರು. ಅಂಗಡಿಯವನು ಹಾಕುವ ಹಾಡಿನಲ್ಲಿ ಎಲ್ಲ ಸ್ಪೀಕರೂ ಚೆನ್ನಾಗಿಯೇ ಕೇಳುತ್ತವೆ ಎಂಬ ಗುಮಾನಿ. ಯಜಮಾನರು ಒಯ್ದದ್ದು, ಒಂದು ಶ್ರಾವಣದಲ್ಲಿ ಮಠದ ಭಜನೆಯಲ್ಲಿ ಅವರೇ ಹಾಡಿದ್ದು. ಹಾಡುವ ಮೊದಲು ಒಮ್ಮೆ ಕೆಮ್ಮಿದ್ದೂ ಅದರಲ್ಲಿತ್ತು. ಮತ್ತೊಂದು ಬದಿ ಖಾಲಿ. ಗುರುತಿಗೆಂದು ಹಾಡಿನ ಬದಿಗೆ ನನ್ನ ಹಣೆಯ ಕೆಂಪು ಟಿಕಳಿ ಅಂಟಿಸಿದ್ದೆ. ಅವರ ದನಿ ಇದ್ದ ಕ್ಯಾಸೆಟ್ ಅದೊಂದೇ.

ಅಂಗಡಿಯಲ್ಲಿ ಹಳೆಯ ಟೇಪ್ ರೆಕಾರ್ಡರಿಗೆ ವೈರು ಹಚ್ಚಿ ಒಂದೊಂದೇ ಸೆಟ್ಟಿನಲ್ಲಿ ಕೇಳಿಸಿದರು. ಯಜಮಾನರು ಹಾಡಿನವರೆಗೆ ಹೋಗಲು ಬಿಡಲೇ ಇಲ್ಲ. ಕೆಮ್ಮು ಮುಗಿದೊಡನೆ ಹಿಂದಕ್ಕೆ ತಿರುಗಿಸುವುದು, ಮತ್ತೆ ಕೆಮ್ಮು.

"ಹಾಡಾ ಕೇಳ್ರಿ ಸಾವ್ಕಾರ್ರ, ಕೆಮ್ಮೇನ್ ಕೇಳ್ತೀರಿ?" ಎಂದ ಅಂಗಡಿಯವನು.

"ಹಾಡಾ ಎಲ್ಲಾದ್ರಾಗೂ ಚಂದ ಕೇಳತೈತೋ ಮಾರಾಯಾ. ಕೆಮ್ಮು ಕೆಮ್ಮಿನಂಗ ಕೇಳಿದ್ರ ಆ ಸ್ಪೀಕರ್ ಖರೆ." ನನ್ನ ಕಡೆ ತಿರುಗಿದರು. "ನೀ ಹೇಳ, ಇದು ನನ್ನ ಕೆಮ್ಮು ಹೌದಿಲ್ಲೊ?"

"ಒಂದ ಬಾಯಿಂದ ಕೇಳಿನ ಸಾಕಾಗೈತಿ, ಇನ್ನ ಐದ ಬಾಯಿಂದ ಬ್ಯಾರೆ ಕೇಳಬೇಕ?" ಎಂದೆ. ಅಂಗಡಿಯವನು ಹೊಟ್ಟೆ ಹಿಡಿದು ನಕ್ಕ.

ಮೂರನೆಯ ಸೆಟ್ಟಿನಲ್ಲಿ ಅವರು ಪಕ್ಕದಲ್ಲೇ ಕುಳಿತು ಕೆಮ್ಮಿದಂತಿತ್ತು. ಇದೇ ಇರಲಿ ಎಂದೆ. ಮರುವಾರ ಟೆಂಪೋದಲ್ಲಿ ಕಳಿಸುವುದಾಗಿ ಅಂಗಡಿಯವನು ಒಪ್ಪಿದ. ಆದರೂ ಯಜಮಾನರಿಗೆ ಸಮಾಧಾನವಿಲ್ಲ. ಇನ್ನೊಮ್ಮೆ ಹಾಕಿಸಿದರು. ಗಡಿಯಾರ ನಾಲ್ಕು ದಾಟಿತ್ತು. ಕೆಮ್ಮು ಬಂತು, ಹಾಡು ಶುರುವಾಗುವುದರಲ್ಲಿತ್ತು. ನಾನೇ ಕೈಚಾಚಿ ಟೇಪಿನ ಗುಂಡಿ ಒತ್ತಿದೆ. ಸದ್ದು ನಿಂತಿತು.

"ಸಾಕ್ ಏಳ್ರಿ, ಬಸ್ ಹೋಗತೈತಿ" ಎಂದೆ. ಅವರು ಕುರ್ಚಿ ಸರಿಸಿ ಎದ್ದರು.

ಕ್ಯಾಸೆಟ್ ಅಲ್ಲೇ ಉಳಿದದ್ದು ನೆನಪಾದದ್ದು ಎಮ್ಮೆ ಹಿಂಡುವಾಗ. "ಅದೇನ್ ಓಡಿ ಹೋಗತೈತೇನ? ನಾಳಿ ತರತೇನಿ ತಗೊ" ಎಂದರು.

ಮರುದಿನ ಬೆಳಿಗ್ಗೆ ಗಿರಣಿಯಲ್ಲಿ ಜೋಳದ ಚೀಲ ಎತ್ತುವಾಗ ಕುಸಿದರು. ದವಾಖಾನೆ ಮುಟ್ಟುವ ಮೊದಲೇ ಹೋಗಿದ್ದರು.

ಮನೆ ತುಂಬ ಜನ ಅಳುತ್ತಿದ್ದರೆ ನನಗೆ ಕ್ಯಾಸೆಟ್ಟಿನದೇ ದಿಗಿಲು. ಯಾರಾದರೂ ತಮ್ಮದೆಂದು ಒಯ್ದಿದ್ದರೆ? ಅಂಗಡಿಯವನು ಬಿಸಿಲಿಗೆ ಇಟ್ಟಿದ್ದರೆ? ಅಂಗಡಿಯ ಫೋನ್ ನಂಬರು ಅವರ ಅಂಗಿಯ ಕಿಸೆಯಲ್ಲಿತ್ತು. ಆ ಅಂಗಿಯನ್ನು ಯಾರೋ ಒಗೆದು ಹಾಕಿದ್ದರು. ಬಾಯಿಬಿಟ್ಟು ಹೇಳಲೂ ಹೆದರಿಕೆ, ಇಂಥ ಹೊತ್ತಿನಲ್ಲಿ ಈಕೆಗೆ ಕ್ಯಾಸೆಟ್ಟೇ ಎಂದಾರೆಂದು. ಟೆಂಪೋ ಬಂದು ಸ್ಪೀಕರಿನ ಡಬ್ಬಿಗಳನ್ನು ಇಳಿಸಿದಾಗ ಒಂದೊಂದನ್ನೂ ಬಿಚ್ಚಿ ಥರ್ಮಾಕೋಲಿನ ಅಡಿಯೆಲ್ಲ ತಡಕಿದೆ. ಇರಲಿಲ್ಲ.

ಅವರ ಹೆಸರಿನ ಶಿವಗಣಾರಾಧನೆ ಮುಗಿದ ಮರುದಿನವೇ ಅಂಗಡಿಗೆ ಹೋದೆ. ಅಂಗಡಿಯವನು ನನ್ನ ಹಣೆ ನೋಡಿ ಎದ್ದು ನಿಂತ. "ನನಗ ಗೊತ್ತಿದ್ದಿಲ್ರಿ ಅಕ್ಕಾರ" ಎಂದು, ಕೇಳುವ ಮೊದಲೇ ಒಂದು ಬೂಟಿನ ಡಬ್ಬಿ ಮುಂದಿಟ್ಟ. ಗಿರಾಕಿಗಳು ಮರೆತುಹೋದ ಕ್ಯಾಸೆಟ್ಟುಗಳು ಅದರ ತುಂಬ ಇದ್ದವು. ತಳದಲ್ಲಿ ಕೆಂಪು ಟಿಕಳಿ ಕಂಡಿತು, ಎತ್ತಿ ಸೆರಗಿನಿಂದ ಒರೆಸಿದೆ. ಕುರ್ಚಿ ಹಾಕಿಕೊಟ್ಟ.

ಅವನೇ ಪೂರ್ತಿ ಹಿಂದಕ್ಕೆ ತಿರುಗಿಸಿ ಹಾಕಿದ. ಕೆಮ್ಮು ಬಂತು. ಆಮೇಲೆ ಕಟ್ ಎಂಬ ಸದ್ದು, ಅದರ ಹಿಂದೆಯೇ ನನ್ನ ದನಿ: "ಸಾಕ್ ಏಳ್ರಿ, ಬಸ್ ಹೋಗತೈತಿ." ಕುರ್ಚಿ ಸರಿದದ್ದು, ಚಪ್ಪಲಿಯ ಸದ್ದು. ಸ್ವಲ್ಪ ಹೊತ್ತಿಗೆ ಯಾರೋ ಗಿರಾಕಿ, "ಇದರಾಗ ದೊಡ್ಡ ಡಬ್ಬಿ ತೋರಸ್ರಿ" ಎಂದ. ಕೊನೆಯವರೆಗೂ ಬರೀ ಅಂಗಡಿಯ ಗದ್ದಲ.

ಅಂಗಡಿಯವನು ಟೇಪಿನ ಗುಂಡಿಗಳನ್ನೇ ನೋಡುತ್ತಿದ್ದ. "ಕೆಂಪ ಗುಂಡಿ ಒತ್ತೀರ್ರಿ ಅಕ್ಕಾರ. ಅದನ್ನ ಒತ್ತಿದ್ರ ಸ್ಪೀಕರ್ ಬಂದಾಗಿ ರೆಕಾರ್ಡ್ ಆಗತೈತಿ. ನಾನೂ ನೋಡಲಿಲ್ಲ" ಎಂದು ಮೆಲ್ಲಗೆ ಹೇಳಿದ.

ಈಗ ಐದು ಸ್ಪೀಕರೂ ಅವರು ಗುರುತು ಹಾಕಿದ ಜಾಗದಲ್ಲೇ ಇವೆ. ಕ್ಯಾಸೆಟ್ ಇದೆ, ಕೆಮ್ಮು ಇದೆ. ಹಾಡು ಇಲ್ಲ.