ಶರಣವ್ವನ ಮೂರು ಕೂಗು

ಶರಣವ್ವನಿಗೆ ದಯೆಯೆಂಬುದು ಇರಲಿಲ್ಲ. ಪರೇಲಿನ ಚಾಳೊಂದರ ಮೊದಲ ಮಾಳಿಗೆಯಲ್ಲಿ ಅವಳ ಖಾನಾವಳಿ. ಅಲ್ಲಿ ಜೋಳದ ರೊಟ್ಟಿ ತಿಂದವರು ನೂರಾರು ಮಂದಿ. ಅವಳ ಬಾಯಿಂದ ಒಂದು ಮೆದು ಮಾತು ಕೇಳಿದವರು ಒಬ್ಬರೂ ಇಲ್ಲ. ಗದಿಗೆಪ್ಪನಿಗೆ ಇದರಲ್ಲಿ ಸಂದೇಹವೇ ಇರಲಿಲ್ಲ. ವಿಜಾಪುರದ ಕಡೆಯಿಂದ ಬಂದು ಗಿರಣಿಯ ಮಗ್ಗದ ಖಾತೆ ಸೇರಿದ ಅವನು ಅವಳ ಪಂಕ್ತಿಯಲ್ಲಿ ಹದಿನೆಂಟು ವರ್ಷ ಉಂಡಿದ್ದ.

ಊಟ ನಡೆಯುತ್ತಿದ್ದದ್ದು ಗಿರಣಿಯ ಭೋಂಗಾದ ಲೆಕ್ಕದಲ್ಲಿ. ಪಾಳಿಗೆ ಮುಂಚೆ ಆ ಸೈರನ್ನು ಮೂರು ಸಲ ಕೂಗುತ್ತಿತ್ತು. ಶರಣವ್ವನೂ ಮೂರು ಸಲ ಕೂಗುತ್ತಿದ್ದಳು. ‘ಗರ್ದಿ’ ಎಂದರೆ ಬಾಗಿಲಲ್ಲಿ ಜನ ನಿಂತಿದ್ದಾರೆ, ಮೊಣಕಾಲು ಮಡಚಿ ಜಾಗ ಕೊಡು. ‘ಗಡಬಡ’ ಎಂದರೆ ರೊಟ್ಟಿ ಸಾಕು, ಅನ್ನ ಕಲಸಿಕೋ. ‘ಪಳಾಪಳ’ ಎಂದರೆ ತಾಟು ಬಿಟ್ಟು ಏಳು. ಆಗ ಪಲ್ಯ ಸುತ್ತಿದ ರೊಟ್ಟಿಯನ್ನು ಅವಳೇ ಕೈಗೆ ತುರುಕುತ್ತಿದ್ದಳು, ಮೆಟ್ಟಿಲಿಳಿಯುತ್ತ ತಿನ್ನಲಿಕ್ಕೆ. ಮೂರನೆಯ ಭೋಂಗಾ ಮುಗಿದರೆ ಗೇಟು ಮುಚ್ಚಿತೆಂದೇ.

“ಏನೋ ಗದಿಗೆಪ್ಪಾ, ಬೀಗರ ಮನಿಗಿ ಬಂದೀಯೇನು? ಒಂದ್ ತುತ್ತು ಎಷ್ಟೊತ್ತು ಅಗೀತಿ?”

“ಹಲ್ಲಿಗಿ ನಿನ್ನ ಅಂಜಿಕಿ ಇಲ್ಲ ಯಕ್ಕಾ, ನನಗಷ್ಟ ಐತಿ.”

“ಹಂಗಾರ ಹಲ್ಲ ಇಲ್ಲೇ ಬಿಟ್ಟು ನೀ ಡ್ಯೂಟಿಗಿ ಹೋಗು.”

ಈ ಬೈಗುಳ ಪಾಳಿಯಿದ್ದವರಿಗೆ ಮಾತ್ರ. ದಾನಪ್ಪನೆಂಬವನ ಎರಡು ಬೆರಳು ಯಂತ್ರಕ್ಕೆ ಸಿಕ್ಕಿ ಕೆಲಸ ಹೋಯಿತು. ಮರುವಾರ ಅವನು ಎಂದಿನಂತೆ ಪಂಕ್ತಿಯಲ್ಲಿ ಕೂತ. ಶರಣವ್ವ ಅವನ ತಾಟನ್ನೆತ್ತಿ ಗೋಡೆಯ ಬದಿಗಿಟ್ಟಳು.

“ನಿನಗೇನೈತಿ ಗಡಬಡ? ಇವರು ಎದ್ದ ಮ್ಯಾಲೆ ನಿಧಾನಕ ಉಣ್ಣು.”

ದಾನಪ್ಪ ನಾಲ್ಕು ದಿನ ನಿಧಾನವಾಗಿ ಉಂಡ. ಐದನೆಯ ದಿನ ಬರಲಿಲ್ಲ. ಆ ಖಾನಾವಳಿಯಲ್ಲಿ ನಿಧಾನ ಎಂಬುದಕ್ಕಿಂತ ಕೆಟ್ಟ ಮಾತು ಬೇರೆ ಇರಲಿಲ್ಲ.

ಎಂಬತ್ತೆರಡರಲ್ಲಿ ಮುಷ್ಕರ ಶುರುವಾಯಿತು. ಭೋಂಗಾ ನಿಂತಿತು, ಶರಣವ್ವನ ಕೂಗೂ ನಿಂತಿತು. ಜನ ಒಬ್ಬೊಬ್ಬರಾಗಿ ಊರಿನ ಗಾಡಿ ಹತ್ತಿದರು. ಅರವತ್ತು ತಾಟು ಹನ್ನೊಂದಕ್ಕೆ ಇಳಿಯಿತು. ಆ ಹನ್ನೊಂದು ಮಂದಿ ಮಾತಿಲ್ಲದೆ ರೊಟ್ಟಿ ಮುರಿಯುವ ಸದ್ದು ಕೆಳಗಿನ ಅಂಗಡಿಗೂ ಕೇಳುತ್ತಿತ್ತು.

ಒಂದೂವರೆ ವರ್ಷದ ಮೇಲೆ ಗಿರಣಿ ಅರೆಬರೆ ತೆರೆಯಿತು. ಮಗ್ಗದ ಖಾತೆಗೆ ಮಧ್ಯಾಹ್ನದ ಪಾಳಿ ಮಾತ್ರ. ಕೆಲಸಕ್ಕೆ ಬರಬೇಕಾದವರ ಹೆಸರನ್ನು ಗೇಟಿಗೆ ಅಂಟಿಸಿದರು. ಹನ್ನೊಂದರಲ್ಲಿ ಹತ್ತು ಮಂದಿಯ ಹೆಸರಿತ್ತು. ಗದಿಗೆಪ್ಪ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೂ ಓದಿದ. ಅವನದಿರಲಿಲ್ಲ. ಮಗ್ಗ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಗಿರಣಿಗಳ ಗೇಟಿನಲ್ಲೂ ಇಂಥವೇ ಪಟ್ಟಿಗಳಿದ್ದವು.

ಪಾಳಿ ಶುರುವಾಗುವ ದಿನ ಅವನು ತಾನಾಗಿಯೇ ಗೋಡೆಯ ಬದಿಗೆ ಕೂತ. ಅವಳ ಬಾಯಿಂದ ‘ನಿಧಾನಕ ಉಣ್ಣು’ ಎಂಬ ಮಾತು ಕೇಳುವುದಕ್ಕಿಂತ ಅದೇ ವಾಸಿ ಎನ್ನಿಸಿತ್ತು.

“ಅಲ್ಯಾಕ ಕುಂತಿ?” ಎಂದಳು ಶರಣವ್ವ.

“ನನ್ನ ಹೆಸರಿಲ್ಲ ಯಕ್ಕಾ. ಅವರು ಉಣ್ಣಲಿ.”

ಮೊದಲ ಭೋಂಗಾ ಕೂಗಿತು.

“ಗರ್ದಿ!” ಎಂದು ಶರಣವ್ವ ಕಿರುಚಿದಳು.

ಐವತ್ತು ಮಂದಿ ಕೂರುವಷ್ಟು ಜಾಗ ಖಾಲಿ ಬಿದ್ದಿತ್ತು, ಬಾಗಿಲಲ್ಲಿ ನರಪಿಳ್ಳೆ ಇರಲಿಲ್ಲ. ಆದರೂ ಹತ್ತು ಮಂದಿ ಹಳೆಯ ರೂಢಿಯಂತೆ ಮೊಣಕಾಲು ಮಡಚಿ ಸರಿದರು. ತೆರವಾದ ಆ ಗೇಣುದ್ದ ಜಾಗದಲ್ಲಿ ಅವಳು ಗದಿಗೆಪ್ಪನ ತಾಟು ತಂದು ಕುಕ್ಕಿದಳು. ಎರಡನೆಯ ಭೋಂಗಾಕ್ಕೆ ಅವನಿಗೂ ಅನ್ನ ಬಿತ್ತು. ಮೂರನೆಯದಕ್ಕೆ ಹತ್ತು ಕೈಗಳಿಗೆ ಹತ್ತು ರೊಟ್ಟಿ ತುರುಕಿ, ಹನ್ನೊಂದನೆಯವನ ರಟ್ಟೆ ಹಿಡಿದು ಎಬ್ಬಿಸಿದಳು.

“ಪಳಾಪಳ! ಏಳೋ ಭಾಡ್ಯಾ, ಗೇಟ್ ಹಾಕ್ತಾರ.”

“ನಾ ಎಲ್ಲಿಗಿ ಹೋಗ್ಲಿ ಯಕ್ಕಾ?”

“ಏಳಂದ್ರ ಏಳು!” ಎಂದು ಅವನ ಕೈಗೂ ಒಂದು ರೊಟ್ಟಿ ತುರುಕಿದಳು.

ಗದಿಗೆಪ್ಪ ಉಳಿದವರ ಹಿಂದೆ ದಡದಡ ಮೆಟ್ಟಿಲಿಳಿದು ಗೇಟಿನವರೆಗೂ ಓಡಿದ. ಹತ್ತು ಮಂದಿ ಒಳಗೆ ಹೋದರು, ಗೇಟು ಮುಚ್ಚಿತು. ಅವನು ಹೊರಗೆ ನಿಂತು, ಕೈಯಲ್ಲಿ ಉಳಿದಿದ್ದ ಅರ್ಧ ರೊಟ್ಟಿಯನ್ನು ಗಬಗಬನೆ ತಿಂದ.