ಮಂಗೋರ್ ಹಿಲ್‌ನಿಂದ ಹಡಗಿನ ದೂರ

ನಿನ್ನ ಕೋನ ಒಂದು ದಿನವೂ ತಪ್ಪಿರಲಿಲ್ಲ, ರೇಣುಕಾ. ತಪ್ಪಿದೆ ಎಂದು ನಾನು ಹೇಳಿದ್ದು ಸುಳ್ಳು — ಒಂದು ಸಲವಲ್ಲ, ವಾರವಿಡೀ.

2004ರಲ್ಲಿ ನಾವಿಬ್ಬರೂ ವಾಸ್ಕೋ ಬಂದರಿನ ಮೇಲಿನ ಮಂಗೋರ್ ಹಿಲ್ ಗುಡ್ಡದಲ್ಲಿದ್ದೆವು, ಹನ್ನೊಂದನೇ ಕ್ಲಾಸು. ಅಪ್ಪನಿಗೆ ಬಂದರಿನ ಆಫೀಸಿಗೆ ವರ್ಗವಾಗಿ ಧಾರವಾಡದಿಂದ ಬಂದ ನನಗೆ ಕೊಂಕಣಿ ಬಾರದು, ಗೆಳತಿಯರಿಲ್ಲ. ನೀನು ನಮ್ಮದೇ ಓಣಿಯ ಆ ತುದಿಯವಳು, ವಿಜಾಪುರದ ಕಡೆಯ ಗೌಂಡಿಯ ಮಗಳು, ಎಂಜಿನಿಯರ್ ಆಗಿಯೇ ತೀರುತ್ತೇನೆ ಎನ್ನುತ್ತಿದ್ದವಳು. ಸೈನ್ ನಿಯಮ ಕಲಿಸಿದ ದಿನ, ಲಂಬಕೋನವಿಲ್ಲದ ತ್ರಿಭುಜವನ್ನೂ ಬಿಡಿಸಬಹುದು ಎಂದು ತಿಳಿದು ನೀನು ಕುಣಿದುಬಿಟ್ಟೆ.

"ಹಂಗಾರ ಆ ಹಡಗ ಎಷ್ಟ್ ದೂರ ಐತಿ ಅಂತ ಮಾಳಗಿ ಮ್ಯಾಲಿಂದನ ಹೇಳಬೋದಲ್ಲ!"

ನಿಮ್ಮಪ್ಪನ ಟೇಪು ತಂದು ನಿಮ್ಮ ಮಾಳಿಗೆಯಿಂದ ನಮ್ಮ ಮಾಳಿಗೆಯವರೆಗೆ ಓಣಿ ಅಳೆದೆವು. ಅದು ಒಂದು ಬಾಹು. ಎದುರಿನ ಮೂಲೆಯಲ್ಲಿ ಅದಿರಿಗಾಗಿ ಕಾದು ನಿಂತ ಹಡಗು. ಲಂಗರು ಹಾಕಿದರೂ ಹಡಗು ತಿರುಗುತ್ತಲೇ ಇರುತ್ತದೆ, ಹಾಗಾಗಿ ನಾನು ದುಪಟ್ಟಾ ಬೀಸಿದ ಕೂಡಲೇ ಇಬ್ಬರೂ ಅದರ ಕಂಬ ನೋಡಿ ಕೋನಮಾಪಕದಲ್ಲಿ ಕೋನ ಹಿಡಿಯಬೇಕು. ನೀನು ಅಂಗೈ ಮೇಲೆ ಅಂಕಿ ಬರೆದುಕೊಂಡು ಓಡಿ ಬರುತ್ತಿದ್ದೆ. ನಾನು ಆ ಕೈ ಹಿಡಿದು ಓದುತ್ತಿದ್ದೆ — ಓದಿದ ಮೇಲೂ ಬಿಡುತ್ತಿರಲಿಲ್ಲ.

ಎರಡು ಕೋನ ಸಿಕ್ಕರೆ ಮೂರನೆಯದು ತಾನಾಗಿ ಸಿಗುತ್ತದೆ. ಯಾವ ಬಾಹುವನ್ನು ಅದರ ಎದುರಿನ ಕೋನದ ಸೈನ್‌ನಿಂದ ಭಾಗಿಸಿದರೂ ಬರುವುದು ಒಂದೇ ಅಂಕಿ. ಮೊದಲ ಸಂಜೆಯೇ ಹಡಗಿನ ದೂರ ಬಂತು. ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ. ಅವರು ಹೇಳಿದ್ದೂ ಹೆಚ್ಚು ಕಡಿಮೆ ಅಷ್ಟೇ. ಖುಷಿಪಡುವ ಬದಲು ನಾನು ಯೋಚಿಸಿದ್ದು ಒಂದೇ: ಲೆಕ್ಕ ಮುಗಿದರೆ ನಾಳೆ ನೀನೇಕೆ ಬರುತ್ತೀ?

ಮರುದಿನ ನಾನು ಹೇಳಿದೆ: "ಅಪ್ಪ ಅಷ್ಟಿಲ್ಲ ಅಂದ್ರು. ನಿನ್ನ ಕಡೇನ ಒಂದ್ ಡಿಗ್ರಿ ತಪ್ಪೇದ. ಮತ್ತ ನೋಡೋಣು."

ನೀನು ನಂಬಿದೆ. ಹಡಗಿನ ಮೂಲೆಯ ಕೋನ ಎಷ್ಟು ಸಣ್ಣದೆಂದರೆ ಒಂದು ಡಿಗ್ರಿ ಆಚೀಚೆಯಾದರೂ ದೂರವೆಲ್ಲ ಏರುಪೇರು. ಸುಳ್ಳಿಗೆ ಗಣಿತವೇ ಒತ್ತಾಸೆಯಾಯಿತು. ಪ್ರತಿ ಸಂಜೆ ನೀನು ಉಸಿರು ಬಿಗಿಹಿಡಿದು ಅದೇ ಕೋನ ತರುತ್ತಿದ್ದೆ, ನಾನು ತಲೆಯಾಡಿಸುತ್ತಿದ್ದೆ. ನಿನ್ನ ಮುಖ ಬಾಡುವುದು ಕಾಣುತ್ತಿತ್ತು. ಆದರೂ —

ಒಂದು ಬೆಳಿಗ್ಗೆ ಹಡಗು ಇರಲಿಲ್ಲ. ನೀನು ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೆಸರು ಬರೆಸಿದೆ.

"ನನ್ನ ತಲಿಗೆ ಲೆಕ್ಕ ಹತ್ತಂಗಿಲ್ಲ ಬಿಡವಾ," ಎಂದೆ ನೀನು. ಹೊರಟವಳು ತಿರುಗಿ ನಿಂತು, "ಆದ್ರ ನಿನ್ನ ಕೂಡ ಕುಂದ್ರಾಕ ಭಾಳ ಚಲೋ ಅನಸ್ತಿತ್ತು. ಲೆಕ್ಕ ಇರಲಿಲ್ಲಂದ್ರೂ ಬರ್ತಿದ್ನಿ," ಎಂದೆ.

ಆಗಲಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ನಿಜ ತಿಳಿದರೆ ನೀನು ನನ್ನ ಮುಖ ನೋಡುವುದಿಲ್ಲ ಎಂದು ಹೆದರಿದೆ. ಹೇಗೂ ಆಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಎಂಟು ವರ್ಷವಾಯಿತು. ನಾನೀಗ ಗಣಿತ ಕಲಿಸುತ್ತೇನೆ, ನಾಚಿಕೆಯಿಲ್ಲದೆ. ಸೈನ್ ನಿಯಮದ ಪಾಠ ಬಂದಾಗಲೆಲ್ಲ ನಿನ್ನ ಅಂಗೈ ಕಣ್ಣಿಗೆ ಕಟ್ಟುತ್ತದೆ, ನಿನ್ನನ್ನು ನೋಡಬೇಕು ಎನಿಸುತ್ತದೆ, ತೀರ ಅನಿಸುತ್ತದೆ. ನೀನು ಕಾಣಕೋಣ ಊರಿನಲ್ಲಿದ್ದೀ ಎಂದು ಓಣಿಯವರು ಹೇಳಿದರು. ಈ ಭಾನುವಾರ ಬರುತ್ತೇನೆ. ಹೊಸ್ತಿಲಾಚೆಯೇ ನಿಂತು ನಿನ್ನ ಕೋನ ಸರಿಯಿತ್ತು ಎಂದು ಹೇಳುತ್ತೇನೆ. ಆಮೇಲೆ ನೀನು ಬಾಗಿಲು ಹಾಕಿಕೊಂಡರೂ ಸರಿಯೇ.