ಹುತ್ತದ ಅಣಬೆ ಮತ್ತು ನೂಲಿನ ಕೋನು

ಫೋನಿನಲ್ಲಿ ಅಣಬೆಯ ಚಿತ್ರ ಚೆನ್ನಾಗಿಯೇ ಬರುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಯಾಕೆಂದರೆ ಕಳೆದ ಮೂರು ವರ್ಷಗಳಲ್ಲಿ ಈ ಮಾತನ್ನು ನನಗೆ ಹೇಳದವರು ಬನಹಟ್ಟಿಯಲ್ಲಿ ಯಾರೂ ಉಳಿದಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂದು ಮಳೆಗಾಲ, ಶಿಲೀಂಧ್ರದ ಪಾಠಕ್ಕೆಂದು ತಿಪ್ಪೆಯ ಮೇಲೆ ಎದ್ದಿದ್ದ ಬೂದು ಬಣ್ಣದ ಅಣಬೆಗಳನ್ನು ಕಿತ್ತು ಟಿಫಿನ್ ಡಬ್ಬಿಯಲ್ಲಿ ಒಯ್ದಿದ್ದೆ. ಪಾಠ ಇದ್ದದ್ದು ಮಧ್ಯಾಹ್ನ. ಡಬ್ಬಿ ತೆರೆದರೆ ಒಳಗೆ ಕೊಡೆಯೂ ಇಲ್ಲ, ಕಾಲೂ ಇಲ್ಲ, ಎರಡು ಚಮಚ ಕಪ್ಪು ಶಾಯಿ. ಆ ಜಾತಿಯ ಅಣಬೆ ಕೆಲವೇ ಗಂಟೆಗಳಲ್ಲಿ ಕರಗಿ ಹೋಗುತ್ತದೆಂದು ಓದಿದ್ದೆ, ನಂಬಿರಲಿಲ್ಲ. ಹುಡುಗಿಯೊಬ್ಬಳು ಬಗ್ಗಿ ನೋಡಿ, "ಅಕ್ಕೋರ, ಇದನ್ನ ಪೆನ್ನಿಗೆ ಹಾಕಬಹುದೇನ್ರಿ?" ಎಂದಳು. ಇಡೀ ತರಗತಿ ನಕ್ಕಿತು. ಮುಂದಿನ ಸಲ ಅಣಬೆ ತರುವುದಿಲ್ಲ, ಅದರ ಫೋಟೋ ತರುತ್ತೇನೆ ಎಂದು ಅವತ್ತೇ ನಿಶ್ಚಯಿಸಿದೆ.

ಅದೇ ವಾರ ಜಮಖಂಡಿಯಲ್ಲಿ ಹಳೆಯ ಫೋಟೋ ಸ್ಟುಡಿಯೋ ಒಂದು ಬಾಗಿಲು ಮುಚ್ಚುತ್ತಿತ್ತು. ಎಪ್ಪತ್ತು ದಾಟಿದ ಮಾಲೀಕರು ಕಪಾಟಿನ ಸಾಮಾನೆಲ್ಲ ಕಟ್ಟೆಯ ಮೇಲೆ ಹರಡಿಕೊಂಡು ಕೂತಿದ್ದರು. ಅದರಲ್ಲಿ ರೀಲು ಹಾಕುವ ರಷ್ಯಾದ ಕ್ಯಾಮೆರಾ ಇತ್ತು. ಎತ್ತಿ ನೋಡಿದೆ, ಅಡುಗೆಮನೆಯ ಗುಂಡುಕಲ್ಲಿನಷ್ಟು ಭಾರ.

"ಇದು ಎದಕ್ಕ ಬೇಕ್ರಿ ಅಕ್ಕಾರ?"

"ಅಣಬಿ ಫೋಟೋ ತಗ್ಯಾಕ್ರಿ."

ಅವರು ನಗಲಿಲ್ಲ. ಲೆನ್ಸನ್ನು ತಿರುಗಿಸಿ ಬಿಚ್ಚಿದರು. ಅದನ್ನು ಹಿಂದುಮುಂದಾಗಿ ಕ್ಯಾಮೆರಾದ ಬಾಯಿಗೆ ಒತ್ತಿ ಹಿಡಿದು, ಗೋಡೆಯ ಕ್ಯಾಲೆಂಡರಿನ ಹತ್ತಿರ ಹೋಗಿ ನೋಡಲು ಹೇಳಿದರು. ಕ್ಯಾಲೆಂಡರಿನ ದೇವಿಯ ಮೂಗುತಿ ತಟ್ಟೆಯಷ್ಟು ದೊಡ್ಡದಾಗಿ ಕಂಡಿತು. ನಾನು ಬೆಚ್ಚಿ ಹಿಂದೆ ಸರಿದೆ.

"ಅರ್ಧಾ ಜಮಖಂಡಿ ಮದವಿ ಇದರಾಗ ತಗದೇನ್ರಿ," ಎಂದರು ಅವರು. "ಈಗ ಇದು ಅಣಬಿನರ ನೋಡ್ಲಿ. ಕಪ್ಪು-ಬಿಳಿ ರೀಲು ಹಾಕ್ರಿ, ನಾನ ತೊಳದ ಕೊಡ್ತೇನಿ."

ಕುಕ್ಕರಿಗಿಂತ ಅಗ್ಗಕ್ಕೆ ಕ್ಯಾಮೆರಾ ಮನೆಗೆ ಬಂತು.

ನನ್ನ ಯಜಮಾನರು ಮನೆಯ ಹಿಂಬದಿಯಲ್ಲಿ ನಾಲ್ಕು ಪವರ್‌ಲೂಮ್ ನಡೆಸುತ್ತಾರೆ. ನಾನು ಒಂದು ಕೈಯಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಉಲ್ಟಾ ಲೆನ್ಸು ಹಿಡಿದು ಅಂಗಳದ ತುಳಸಿ ಎಲೆಯ ಮುಂದೆ ತಿಣುಕುವುದನ್ನು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ ಮಗ್ಗ ನಿಲ್ಲಿಸಿ ಹೊರಗೆ ಬಂದರು.

"ಹಿಂಗ ಎಷ್ಟೊತ್ತ ಹಿಡಕೊಂಡ ನಿಲ್ತೀಬೇ? ಕೈ ನಡಗಾಕತ್ತಾವ. ಕೊಡ ಇಲ್ಲಿ."

ನೂಲು ಸುತ್ತಿ ಬರುವ ರಟ್ಟಿನ ಕೋನುಗಳು ನಮ್ಮ ಮನೆಯಲ್ಲಿ ರಾಶಿ ಬಿದ್ದಿರುತ್ತವೆ. ಅವರು ಒಂದನ್ನು ಗರಗಸದಿಂದ ಕತ್ತರಿಸಿ, ಒಳಗೆ ಕಪ್ಪು ಬಣ್ಣ ಬಳಿದು, ಒಂದು ತುದಿಯನ್ನು ಕ್ಯಾಮೆರಾಕ್ಕೂ ಇನ್ನೊಂದು ತುದಿಯನ್ನು ಉಲ್ಟಾ ಲೆನ್ಸಿಗೂ ಅಂಟಿನಿಂದ ಗಟ್ಟಿಯಾಗಿ ಕೂರಿಸಿದರು. ಕ್ಯಾಮೆರಾಕ್ಕೆ ಸೊಂಡಿಲು ಬಂತು. ಬಿಚ್ಚಲಿಕ್ಕೆ ಬರುವಂತೆ ಮಾಡಬೇಕಿತ್ತು ಎಂದು ಇಬ್ಬರಿಗೂ ಹೊಳೆದದ್ದು ಅಂಟು ಒಣಗಿದ ಮೇಲೆ. ಅಲ್ಲಿಂದ ಮುಂದೆ ಆ ಕ್ಯಾಮೆರಾಕ್ಕೆ ಮೂಗಿನ ತುದಿಯಲ್ಲಿ ಇದ್ದದ್ದು ಬಿಟ್ಟರೆ ಲೋಕದಲ್ಲಿ ಬೇರೇನೂ ಕಾಣಲಿಲ್ಲ. ಚಿತ್ರ ಸ್ಪಷ್ಟವಾಗಬೇಕೆಂದರೆ ಇಡೀ ಮೈಯನ್ನೇ ಕೂದಲೆಳೆಯಷ್ಟು ಹಿಂದೆಮುಂದೆ ಮಾಡಬೇಕು. ಉಸಿರು ಬಿಟ್ಟರೂ ಕೆಡುತ್ತದೆ.

ಅಣಬೆ ನೆಲದ ಮೇಲೆ ಇರುತ್ತದಾದ್ದರಿಂದ ನಾನೂ ನೆಲದ ಮೇಲೆ ಇರಬೇಕಾಯಿತು. ಐವತ್ತರ ಹತ್ತಿರದ ಅಕ್ಕೋರೊಬ್ಬರು ಹಿಪ್ಪರಗಿ ರಸ್ತೆಯ ಬದಿಯ ಕಬ್ಬಿನ ಗದ್ದೆಯಲ್ಲಿ ಬೋರಲು ಮಲಗಿ, ಉಸಿರು ಬಿಗಿಹಿಡಿದು, ಕೊಳೆತ ಕಬ್ಬಿನ ಒಣಗರಿಯ ಮೇಲಿನ ಗುಂಡುಸೂಜಿ ಗಾತ್ರದ ಅಣಬೆಯನ್ನು ನೋಡುತ್ತಿದ್ದರೆ ದಾರಿಹೋಕರು ಏನು ತಿಳಿಯಬೇಕು? ಮೊದಲ ಸಲ ಟ್ರ್ಯಾಕ್ಟರ್ ನಿಂತ ಸದ್ದು ಕೇಳಿತು. ತಲೆ ಎತ್ತುವಷ್ಟರಲ್ಲಿ ಒಂದು ಬಾಟಲಿ ತಣ್ಣೀರು ನೆತ್ತಿಯ ಮೇಲೆ ಬಿತ್ತು.

"ಅಕ್ಕೋರ! ಚಕ್ಕರ ಬಂತೇನ್ರಿ? ಹಾವ ಗೀವ ಕಡೀತೇನ್ರಿ?" ಎಂದು ಟ್ರ್ಯಾಕ್ಟರಿನವನು ಕೂಗಿದ.

"ಏನೂ ಆಗಿಲ್ಲಪಾ. ಫೋಟೋ ತಗ್ಯಾಕತ್ತೇನಿ."

"ಯಾರದ್ರಿ?"

"ಅಣಬಿದು."

ಅವನು ಅಣಬೆ ಇದ್ದ ಜಾಗ ನೋಡಿದ. ಅವನ ನೀರಿಗೇ ಅದು ತಲೆ ಮುರಿದು ಬಿದ್ದಿತ್ತು. ಖಾಲಿ ಬಾಟಲಿಗೆ ಮುಚ್ಚಳ ತಿರುಗಿಸಿ, "ಹಂಗಾರ ಮಕ್ಕೊಳ್ರಿ," ಎಂದು ಹೇಳಿ ಹೊರಟುಹೋದ.

ಆದರೆ ಅವನಿಂದ ಒಂದು ಉಪಕಾರವಾಯಿತು. ಸುದ್ದಿ ಹಿಪ್ಪರಗಿಯ ಮನೆಮನೆಗೂ ಮುಟ್ಟಿತು. ಯಾವ ಬದುವಿನ ಮೇಲೆ ಏನು ಎದ್ದಿದೆ ಎಂದು ಗುರುತಿಲ್ಲದವರೂ ನನ್ನ ಸ್ಕೂಟಿ ನಿಲ್ಲಿಸಿ ಹೇಳತೊಡಗಿದರು. ಹಾಗೆಯೇ ಒಬ್ಬರು, ಬೇವಿನ ಗಿಡದ ಬುಡದ ಹುತ್ತದ ಸುತ್ತ ದೊಡ್ಡ ದೊಡ್ಡ ಬಿಳಿ ಅಣಬೆಗಳು ಎದ್ದಿವೆ ಎಂದರು. ಭಾನುವಾರ ಬೆಳಿಗ್ಗೆ ಹೋದೆ. ಇಪ್ಪತ್ತಕ್ಕೂ ಹೆಚ್ಚಿದ್ದವು. ಕೆಲವು ಅರಳಿದ ಛತ್ರಿ, ಕೆಲವು ಇನ್ನೂ ಮುಚ್ಚಿದ ಮುಷ್ಟಿ. ಅಲುಗದಿರಲೆಂದು ಮನೆಯಿಂದ ತಂದಿದ್ದ, ಜೋಳ ತುಂಬಿದ ಪುಟ್ಟ ಚೀಲದ ಮೇಲೆ ಕ್ಯಾಮೆರಾ ಊರಿ ಬೋರಲು ಮಲಗಿದೆ. ಕೊಡೆಯ ಅಡಿಯ ಪದರಗಳು ಸೀರೆಯ ನಿರಿಗೆಯ ಹಾಗೆ ಒಂದರ ಪಕ್ಕ ಒಂದು ಕೂತಿದ್ದವು. ಎರಡು ಚಿತ್ರ ತೆಗೆದಿರಬೇಕು, ಹಿಂದಿನಿಂದ ದನಿ ಕೇಳಿತು.

"ತಲಿ ತಗಿಯವ್ವಾ. ಅವು ನನ್ನ ಅಣಬಿ."

ಎಮ್ಮೆಗೆ ಹುಲ್ಲು ಕೊಯ್ಯಲು ಬಂದ ಮುದುಕಿ. ಸೊಂಟದ ಮೇಲೆ ಬುಟ್ಟಿ, ಕೈಯಲ್ಲಿ ಕುಡುಗೋಲು, ಎರಡೂ ಕಿವಿಯ ಮೇಲ್ಗಡೆ ಹಳೆಯ ಬಂಗಾರದ ಬುಗುಡಿ. ಪ್ರತಿ ವರ್ಷ ಈ ಹುತ್ತದ ಅಣಬೆ ಅವಳ ಮನೆಯ ಪಲ್ಯಕ್ಕಂತೆ.

"ಆಯಿ, ಹತ್ತ ನಿಮಿಷ ತಡೀರಿ. ಫೋಟೋ ತಗದ ಬಿಡ್ತೇನಿ."

ಅವಳು ಕುಕ್ಕರುಗಾಲಲ್ಲಿ ಕೂತಳು. ಕ್ಯಾಮೆರಾ ಪ್ರತಿ ಸಲ ಟಪ್ಪೆಂದಾಗಲೂ, "ಆತೇನು?" ಎನ್ನುವಳು.

"ಇಲ್ರಿ, ಇನ್ನೊಂದ."

"ಒಂದ ಅಣಬಿಗೆ ಎಷ್ಟ ಫೋಟೋ? ಮದವಿ ಐತೇನ ಇದರದ?"

ಬೇವಿನ ನೆರಳಿನಲ್ಲಿ ಬೆಳಕು ಸಾಲುತ್ತಿರಲಿಲ್ಲ. ಅವಳ ಬುತ್ತಿಯ ಡಬ್ಬಿಗೆ ಹೊಳೆಯುವ ಸ್ಟೀಲಿನ ಮುಚ್ಚಳ ಇತ್ತು. ಅದನ್ನು ಬಿಸಿಲಿಗೆ ಹಿಡಿದು ಬೆಳಕನ್ನು ಅಣಬೆಯ ಅಡಿಗೆ ಬೀಳಿಸಲು ಕೇಳಿಕೊಂಡೆ. ಮೊದಲು ನನ್ನ ಕಣ್ಣಿಗೇ ಬಿಟ್ಟಳು. ಆಮೇಲೆ ಕೈ ಕುದುರಿತು. ಅರ್ಧ ತಾಸಿನಲ್ಲಿ ಯಜಮಾನಿಕೆ ಪೂರ್ತಿ ಅವಳದಾಯಿತು. "ಅದು ಬ್ಯಾಡ, ಹುಳ ಬಿದ್ದೈತಿ. ಆ ಸಣ್ಣದರದ ತಗಿ, ಛಲೋ ಐತಿ."

ರೀಲಿನಲ್ಲಿ ಮೂವತ್ತಾರು ಚಿತ್ರ. ಎಣಿಕೆಯ ಮುಳ್ಳು ಮೂವತ್ತಾರು ದಾಟಿತು, ಮೂವತ್ತೆಂಟಾಯಿತು. ನನಗೆ ಖುಷಿಯೇ ಆಯಿತು. ನಲವತ್ತಾದಾಗ ಸಣ್ಣ ಅನುಮಾನ ಹುಟ್ಟಿತು, ಅದನ್ನು ಅಲ್ಲೇ ಅದುಮಿದೆ. ಮುದುಕಿ ಅಣಬೆಗಳನ್ನೆಲ್ಲ ಬುಟ್ಟಿಗೆ ತುಂಬಿಕೊಂಡು, "ನಡಿ ಅಕ್ಕೋರ, ರೊಟ್ಟಿ ತಿಂದ ಹೋಗೀಯಂತ," ಎಂದು ಮನೆಗೆ ಕರೆದೊಯ್ದಳು. ಉಳ್ಳಾಗಡ್ಡಿ, ಕೆಂಪು ಖಾರ, ಶೇಂಗಾ ಪುಡಿ ಹಾಕಿ ಮಾಡಿದ ಪಲ್ಯ. ನಾನು ನಾಲ್ಕು ರೊಟ್ಟಿ ತಿಂದೆ.

ಮರುದಿನ ಸಂಜೆ ಜಮಖಂಡಿಗೆ ಹೋದೆ. ಸ್ಟುಡಿಯೋದ ಹಿರಿಯರು ಬಚ್ಚಲಮನೆಯ ಕಿಟಕಿಗೆ ಕಂಬಳಿ ಕಟ್ಟಿ ರೀಲು ತೊಳೆದರು. ಹೊರಗೆ ಬಂದಾಗ ಅವರ ಕೈಯಲ್ಲಿ ಗಾಜಿನಂಥ ಉದ್ದನೆಯ ಪಟ್ಟಿ ಜೋತಾಡುತ್ತಿತ್ತು. ಅದರ ಆಚೆ ಅವರ ಇಡೀ ಮುಖ ಕಾಣುತ್ತಿತ್ತು.

"ಅಕ್ಕಾರ, ರೀಲು ಒಳಗಿನ ಗಾಲಿಗೆ ಸಿಕ್ಕೇ ಇಲ್ರಿ. ನೀವು ಬರೇ ಟಪ್ ಟಪ್ ಅನಿಸೀರಿ."

ರೀಲು ಮುಂದೆ ಹೋಗುತ್ತಿದ್ದರೆ ಎಡಗಡೆಯ ಗುಂಡಿಯೂ ತಿರುಗಬೇಕಂತೆ. ಅದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು ಹೇಳಿದೆ. ಯಜಮಾನರು ಗಂಭೀರವಾಗಿ ಕೇಳಿ, "ಹೋಗ್ಲಿ ಬಿಡು, ಪಲ್ಯೇನರ ತಿಂದಿ," ಎಂದರು. ಆಮೇಲೆ ಮಗ್ಗದ ಸದ್ದಿನಲ್ಲಿ ಕೇಳುವುದಿಲ್ಲವೆಂದು ತಿಳಿದು ನಕ್ಕರು. ಕೇಳಿತು. ನಾನು ಮಾತ್ರ ಆ ರಾತ್ರಿ ನಿಜವಾಗಿ ಅತ್ತೆ. ಸಣ್ಣ ವಿಷಯಕ್ಕೆ ಅಳುವುದು ನಾಚಿಕೆ ಅನ್ನಿಸಿ ಇನ್ನಷ್ಟು ಅತ್ತೆ.

ಮುದುಕಿಗೆ ಹೇಳಲೇಬೇಕಿತ್ತು. ಅವಳೂ ಮುಚ್ಚಳ ಹಿಡಿದು ತೋಳು ನೋಯಿಸಿಕೊಂಡಿದ್ದಳಲ್ಲ. ಹೋಗಿ ತಪ್ಪು ಒಪ್ಪಿಕೊಂಡೆ.

"ಅಷ್ಟಕ್ಕ ಮಾರಿ ಸಪ್ಪಗ ಮಾಡ್ಕೊಂಡಿ? ಮುಂದಿನ ವರ್ಷ ಅಲ್ಲೇ ಏಳ್ತಾವ. ಹುತ್ತ ಎಲ್ಲಿ ಓಡಿ ಹೊಕ್ಕೈತಿ?" ಎಂದಳು. ನನ್ನ ನಂಬರನ್ನು ತನ್ನ ಪುಟ್ಟ ಫೋನಿಗೆ ಹಾಕಿಸಿಕೊಂಡಳು.

ಮುಂದಿನ ವರ್ಷ ಮಳೆ ತಡವಾಗಿ ಬಂತು. ನಾನು ಆಸೆ ಬಿಟ್ಟಿದ್ದೆ. ಒಂದು ದಿನ ಎರಡನೆಯ ಪಿರಿಯಡ್ಡಿನ ನಡುವೆ ಫೋನು ನಡುಗಿತು.

"ಎದ್ದಾವು. ಲಗೂ ಬಾ. ಯಾರರ ಕಿತಗೊಂಡಾರಂತ ಬುಟ್ಟಿ ಬೋರಲ ಹಾಕ್ಕೊಂಡ ಕುಂತೇನಿ."

ಅರ್ಧ ದಿನದ ರಜೆ ಅರ್ಜಿಯಲ್ಲಿ 'ಕೌಟುಂಬಿಕ ಕಾರಣ' ಎಂದು ಬರೆದೆ. ಹೆಡ್ ಮಾಸ್ತರರು ಸಹಿ ಹಾಕುತ್ತ, ತಲೆ ಎತ್ತದೆ, "ತಿಪ್ಪಿದೋ, ಹುತ್ತದ್ದೋ?" ಎಂದರು.

ಯಜಮಾನರು ನಾಲ್ಕೂ ಮಗ್ಗ ನಿಲ್ಲಿಸಿ ಬೈಕಿನಲ್ಲಿ ಕರೆದುಕೊಂಡು ಹೋದರು. ಎಡಗಡೆಯ ಗುಂಡಿಯನ್ನು ಕಾಯುವ ಕೆಲಸ ಅವರದ್ದು. ನಾನು ರೀಲು ಮುಂದೆ ತಿರುಗಿಸಿದಾಗಲೆಲ್ಲ "ತಿರಗ್ತು" ಎಂದು ಘೋಷಿಸುವರು. ಮುದುಕಿ ಮುಚ್ಚಳದಿಂದ ಬೆಳಕು ಬಿಡುವಳು. ನಡುವೆ ಯಜಮಾನರು ಬಟ್ಟೆಯ ಎಳೆ ಎಣಿಸುವ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು, ತಾವೂ ಬೋರಲು ಮಲಗಿ ಅಣಬೆಯ ನಿರಿಗೆ ಎಣಿಸತೊಡಗಿದರು.

"ನಮ್ಮ ಸೀರಿಕಿಂತ ಒತ್ತ ಐತಿ ಬೇ ಇದರ ನೇಯ್ಗಿ," ಎಂದರು. ದನಿಯಲ್ಲಿ ನಿಜವಾದ ಹೊಟ್ಟೆಕಿಚ್ಚು ಇತ್ತು.

ಕೊನೆಯ ಒಂದು ಚಿತ್ರ ಉಳಿದಾಗ ಮುದುಕಿ ಸೆರಗು ಸರಿಮಾಡಿಕೊಂಡು ಎದುರಿಗೆ ನಿಂತಳು.

"ಇನ್ನ ನಂದೊಂದ ತಗಿ."

ನಾನು ಯಜಮಾನರ ಮುಖ ನೋಡಿದೆ, ಅವರು ಅಂಟಿಸಿದ ಕೋನು ನೋಡಿದರು. "ಆಯಿ, ಈ ಕ್ಯಾಮೆರಾಕ್ಕ ಅಷ್ಟ ದೊಡ್ಡದ ಕಾಣೂದಿಲ್ರಿ," ಎಂದೆ. "ಒಂದ ರೂಪಾಯಿ ನಾಣ್ಯದಷ್ಟ ಜಾಗಾ ಅಷ್ಟ ಬರ್ತೈತಿ."

ಅವಳು ಯೋಚಿಸಿದಳು. ಆಮೇಲೆ ಮುಖ ಪಕ್ಕಕ್ಕೆ ತಿರುಗಿಸಿ ಕಿವಿ ಮುಂದೆ ಮಾಡಿದಳು. "ಹಂಗಾರ ಬುಗುಡಿ ತಗಿ. ನಮ್ಮವ್ವಂದ ಅದು."

ಕ್ಯಾಮೆರಾ ಅವಳ ಕೆನ್ನೆಗೆ ತಾಗುವಷ್ಟು ಹತ್ತಿರ ಒಯ್ದೆ. ಮೂವರೂ ಉಸಿರು ಹಿಡಿದೆವು.

ಮೂವತ್ತಾರರಲ್ಲಿ ಐದು ಚಿತ್ರ ಚೆನ್ನಾಗಿ ಬಂದವು. ನಾಲ್ಕು ಅಣಬೆ ಶಾಲೆಯ ಗೋಡೆಯ ಮೇಲಿವೆ. ಐದನೆಯದನ್ನು ದೊಡ್ಡದು ಮಾಡಿಸಿ, ಅಣಬೆಯ ಒಂದು ಪ್ರತಿಯನ್ನೂ ಸೇರಿಸಿ, ಹಿಪ್ಪರಗಿಗೆ ಒಯ್ದೆ. ಅಣಬೆಯ ಚಿತ್ರವನ್ನು ಅವಳು ಒಮ್ಮೆ ನೋಡಿ ಕೆಳಗಿಟ್ಟಳು. ಬುಗುಡಿಯ ಕೆತ್ತನೆಯ ಒಂದೊಂದು ಗೆರೆ, ಕಿವಿಯ ಅಂಚಿನ ಸುಕ್ಕು, ನಾಲ್ಕು ಬೆಳ್ಳಿ ಕೂದಲು ಇದ್ದ ಚಿತ್ರವನ್ನು ಮಾತ್ರ ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಓಣಿಗೆ ಇಳಿದು ಎದುರು ಮನೆಯವಳನ್ನು ಕೂಗಿದಳು.

"ಬಾರಬೇ ಇಲ್ಲಿ! ನನ್ನ ಕಿವಿ ಎಷ್ಟ ದೊಡ್ಡದೈತಿ ನೋಡ ಬಾ!"